ನಾಲ್ಕು ನಲವತ್ತರ ಟ್ರಿಪ್ಪು

ಆಡಿಟರ್ ಪಡಿಯಾರರು ಕನ್ನಡಕ ಒರೆಸಿ
ಹಾಳೆಯ ನಡುವೆ ಗೆರೆ ಎಳೆದರು:
ಈ ಕಡೆ ಆಸ್ತಿ, ಆ ಕಡೆ ಸಾಲ,
ಕೊನೆಗೊಂದು ಸಾಲು, ‘ಹೆಸರಿನ ಬೆಲೆ’.
ಅದಕ್ಕೆ ಎಷ್ಟು ಬರೆಯಲಿ ಎಂದರು.
ನಾನು ಕಿಟಕಿ ನೋಡಿದೆ.

ಎರಡು ಬಸ್ಸು, ಒಂದು ಶೆಡ್ಡು,
ವಿರಾಜಪೇಟೆ, ಕಡಂಗ, ಚೆಯ್ಯಂಡಾಣೆ, ನಾಪೋಕ್ಲು ಪರ್ಮಿಟ್ಟು,
ಬ್ಯಾಂಕಿಗೆ ಇನ್ನೂ ಹದಿನೇಳು ಕಂತು,
ಟೈರಿನಂಗಡಿಯವನು ಬಾಯಿಬಿಟ್ಟು ಕೇಳದ ಬಾಕಿ.
ಮುಂದಿನ ಗಾಜಿನ ಮೇಲೆ ಅವ್ವನ ಹೆಸರು, ತಂಗಮ್ಮ ಮೋಟಾರ್ಸ್.
ಬಸ್ಸಿನ ಬಣ್ಣ ಮೂರು ಸಲ ಬದಲಾಗಿದೆ,
ಮಕಾರದ ಒತ್ತು ಮಾತ್ರ ಅಂದಿನಿಂದ ಓರೆ.
ಇಷ್ಟೇ. ಹಾಳೆ ಅರ್ಧವೂ ತುಂಬಲಿಲ್ಲ.

ಪಕ್ಕದ ಕುರ್ಚಿಯಲ್ಲಿ ದೇಚಕ್ಕ,
ಉಗುರ ಸಂದಿಯಲ್ಲಿ ಗ್ರೀಸು.
ಹದಿನಾರಕ್ಕೇ ಗೇರ್ ಬಾಕ್ಸ್ ಬಿಚ್ಚಿ ಹರಡಿ
ಮತ್ತೆ ಜೋಡಿಸಿದವಳು, ಒಂದು ನಟ್ಟು ಉಳಿಸಿಕೊಂಡು.
ತಮ್ಮನಿಗೆ ತೋಟ ಸಾಕಂತೆ, ಅವನೇ ಹೇಳಿದ.
ಡೀಸೆಲ್ ವಾಸನೆಗೆ ಅವನಿಗೆ ಚಿಕ್ಕಂದಿನಿಂದಲೂ ವಾಂತಿ.
ಹಾಗಾಗಿ ಜಗಳವಿರಲಿಲ್ಲ.
ಇದ್ದಿದ್ದರೆ ಸುಲಭವಾಗುತ್ತಿತ್ತೋ ಏನೋ.

ಸರ್ಕಾರ ಕೊಡದ ಪರ್ಮಿಟ್ಟೊಂದು ನನ್ನ ಹತ್ತಿರವಿತ್ತು.
ಹಿಂದಿನ ರಾತ್ರಿ ಹಳೆಯ ಟ್ರಿಪ್ ಶೀಟಿನ ಬೆನ್ನಿಗೆ ಬರೆದಿದ್ದೆ:
ಕಡಂಗ ದಾಟಿ ಎರಡನೇ ತಿರುವಿನಲ್ಲಿ ಸ್ಟಾಪಿಲ್ಲ, ಆದರೂ ನಿಲ್ಲಿಸು,
ಪೊನ್ನಮ್ಮ ಟೀಚರ ಮಂಡಿಗೆ ಆ ಏರು ಆಗುವುದಿಲ್ಲ.
ಹಾಲಿನ ಕ್ಯಾನಿಗೆ ಲಗೇಜು ಬರೆಯಬೇಡ.
ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ಕಟ್ಟು ಎಷ್ಟಿದ್ದರೂ ಹತ್ತಿಸಿಕೋ,
ಸೀಟು ನೇರಳೆಯಾದರೆ ಆಗಲಿ.
ಹುತ್ತರಿ ರಾತ್ರಿಯ ಕೊನೆ ಟ್ರಿಪ್ಪು ಹಂಸನದು,
ನಾವು ಕದಿರು ತರಲೆಂದು ಇಪ್ಪತ್ತೆರಡು ವರ್ಷದಿಂದ
ತಾನಾಗಿ ಕೇಳಿ ಓಡಿಸುತ್ತಾನೆ, ಅವನ ಪೆರ್ನಾಳಿಗೆ ರಜೆ ಮರೆಯಬೇಡ.
ಏನೇ ಆದರೂ ನಾಲ್ಕು ನಲವತ್ತರ ಟ್ರಿಪ್ಪು ನಿಲ್ಲಿಸಬೇಡ.

ಎರಡು ಸಲ ಓದಿದಳು,
ಇಂಜಿನ್ನಿನ ಸದ್ದು ಕೇಳುವವಳ ಹಾಗೆ ತಲೆ ವಾಲಿಸಿ.
‘ಅಪ್ಪ, ನಾಲ್ಕು ನಲವತ್ತಕ್ಕೆ ಆರು ಜನ.
ದಿನಕ್ಕೆ ಐನೂರು ನಮ್ಮ ಕೈಯಿಂದ.
ಐದಕ್ಕೆ ಸರ್ಕಾರಿ ಬಸ್ಸಿದೆ, ಹೆಂಗಸರಿಗೆ ದುಡ್ಡೇ ಇಲ್ಲ.’
ಪಡಿಯಾರರ ಪೆನ್ಸಿಲ್ ತೆಗೆದುಕೊಂಡು ಗೀಟು ಹಾಕಿದಳು.
ಟೀಚರ ತಿರುವಿಗೆ ಹಾಕಲಿಲ್ಲ,
ಅದರ ಪಕ್ಕ ಸಣ್ಣಗೆ ಬರೆದಳು: ಇಳಿಜಾರು, ಬ್ರೇಕ್ ನೋಡಬೇಕು.

ಮಾತು ನಾಲಿಗೆಯ ತುದಿಗೆ ಬಂದಿತ್ತು:
ಆ ಟ್ರಿಪ್ಪು ಶುರು ಮಾಡಿದ್ದು ನಿನ್ನ ಅಜ್ಜಿ,
ಬುಧವಾರದ ಸಂತೆ ಮುಗಿಸಿದ ತೋಟದ ಹೆಂಗಸರು
ಕತ್ತಲಿಗೆ ಮುಂಚೆ ಲೈನುಮನೆ ಸೇರಲಿ ಎಂದು.
ಹೇಳಲಿಲ್ಲ.
ಯಾಕೆಂದರೆ ಕುರ್ಚಿಗೆ ಬಂದ ವರ್ಷವೇ
ಅವ್ವನ ಬೆಳಗಿನ ಅಮ್ಮತ್ತಿ ಟ್ರಿಪ್ಪು ಕಡಿದವನು ನಾನು.
ಅವ್ವ ಮೂರು ದಿನ ಮಾತು ಬಿಟ್ಟಳು.
ನಾಲ್ಕನೇ ದಿನ ಅಕ್ಕಿರೊಟ್ಟಿ ತಟ್ಟುತ್ತಲೇ
ಹಿಟ್ಟಿನ ಕೈಯಲ್ಲಿ ಶೆಡ್ಡಿನ ಬೀಗದ ಕೈ
ನನ್ನ ಜೇಬಿಗೆ ಹಾಕಿದಳು.
ಆ ಅಂಗಿ ಒಗೆಯಲು ಹಾಕಲು ನನಗೆ ಮನಸ್ಸಾಗಿರಲಿಲ್ಲ.

ಸಹಿ ಮಾಡಿದೆ. ಹೆಸರಿನ ಬೆಲೆ ಖಾಲಿ ಬಿಡಿ ಎಂದೆ.
‘ಖಾಲಿ ಬಿಟ್ಟರೆ ಬ್ಯಾಂಕಿನವರು ಒಪ್ಪುವುದಿಲ್ಲ,’ ಎಂದಳು ದೇಚಕ್ಕ,
‘ಒಂದು ರೂಪಾಯಿ ಅಂತ ಬರೆಯಿರಿ.’

ಒಂದನೇ ತಾರೀಖು ಕೆಲಸವಿರಲಿಲ್ಲ,
ಆದರೂ ಕಾಲು ಬಸ್ ಸ್ಟ್ಯಾಂಡಿಗೆ ಎಳೆಯಿತು.
ಗಂಟೆ ನಾಲ್ಕು ಮೂವತ್ತೈದು.
ಕಂಬದ ಹತ್ತಿರ ಇಬ್ಬರು, ಚೀಲದಲ್ಲಿ ಒಣಮೀನು,
ರಸ್ತೆಯ ತಿರುವನ್ನೇ ನೋಡುತ್ತಿದ್ದರು.
ಹತ್ತಿರ ಹೋಗಿ ಹೇಳಿದೆ: ನಾಲ್ಕು ನಲವತ್ತು ಇನ್ನಿಲ್ಲಮ್ಮ,
ಐದಕ್ಕೆ ಸರ್ಕಾರಿ ಬಸ್ಸು ಬರುತ್ತದೆ, ಆ ಕಡೆ ನಿಲ್ಲಿ.

‘ಅಯ್ಯೋ, ಯಾರು ನಿಲ್ಲಿಸಿದ್ದು?’

ಓನರು, ಎಂದೆ.